ದುರ್ಗಾಂಬಿಕಾಳ ಐದು ಶೆಲ್ಲುಗಳು

ಬಾಡಿಗೆಗೆ ಮನೆ ನೋಡಲು ಬಂದವರು ಗೋಡೆ ನೋಡುತ್ತಾರೆ, ನಲ್ಲಿ ತಿರುಗಿಸುತ್ತಾರೆ, ನೂರಿನ್ನೂರಕ್ಕೆ ಚೌಕಾಸಿ ಮಾಡುತ್ತಾರೆ. ದುರ್ಗಾಂಬಿಕಾ ಮೊದಲು ನೋಡಿದ್ದು ಬಾಗಿಲ ಚಿಲಕವನ್ನು.

"ಇದು ಹೊಸದು. ಹಳೇದು ಏನಾಗಿತ್ತು ಯಜಮಾನ್ರೇ?"

"ತುಕ್ಕು ಹಿಡಿದಿತ್ತವ್ವಾ."

"ಕಿಟಕಿ ಚಿಲಕಾನೂ ಅದೇ ಕಾಲದ್ದು. ಅದಕ್ಯಾಕೆ ಹಿಡಿದಿಲ್ಲ?"

ಹಿಂದಿನ ಬಾಡಿಗೆದಾರ ಕೀಲಿ ಕಳೆದುಕೊಂಡಿದ್ದರಿಂದ ನಾನೇ ಸುತ್ತಿಗೆ ತಗೊಂಡು ಒಡೆದಿದ್ದೆ. ಒಪ್ಪಿಕೊಳ್ಳಬೇಕಾಯಿತು. ಅವಳು ತಲೆಯಾಡಿಸಿ ಸ್ವಿಚ್‌ಬೋರ್ಡಿನ ಕಡೆ ಹೋದಳು. ನನ್ನ ಮನೆಯಲ್ಲಿ ನಿಂತು ನನಗೇ ಪಾಟೀಸವಾಲು ಹಾಕಿದ ಮೊದಲ ವ್ಯಕ್ತಿ ಅವಳು. ಸಿಟ್ಟು ಬಂತು. ಆದರೂ ಮನೆ ಕೊಟ್ಟೆ, ಯಾಕೆಂದರೆ ನನ್ನ ಜಾತಿಯವಳು ಅನ್ನಿಸಿತು. ಕುಲದ ಮಾತಲ್ಲ, ಅನುಮಾನದ ಮಾತು ಹೇಳುತ್ತಿದ್ದೇನೆ.

ಚನ್ನಗಿರಿಯ ಮಂಡಿಯಲ್ಲಿ ಮೂವತ್ನಾಲ್ಕು ವರ್ಷ ಅಡಿಕೆಗೆ ದರ್ಜೆ ಹೇಳಿದವನು ನಾನು, ಜಯದೇವಪ್ಪ. ಚೀಲದ ಬಾಯಲ್ಲಿ ಕಾಣುವ ಅಡಿಕೆಯನ್ನು ಒಂದು ದಿನವೂ ನಂಬಿದವನಲ್ಲ. ಬಾಯಿಗೆ ಚೆಂದದ ರಾಶಿ ಹರಡಿ ಹೊಟ್ಟೆಗೆ ಕಳಪೆ ಗೊರಬಲು ತುಂಬಿ ತರುವ ದೊಡ್ಡ ಮನುಷ್ಯರನ್ನು ಎಷ್ಟು ನೋಡಿಲ್ಲ! ಮೊಣಕೈವರೆಗೆ ಕೈ ತೂರಿಸಿ, ತಳದಿಂದ ನಾಲ್ಕು ಅಡಿಕೆ ಎತ್ತಿ, ಒಡೆದು ನೋಡಿದ ಮೇಲೆಯೇ ಬಾಯಿ ಬಿಡುತ್ತಿದ್ದೆ. ಆ ಚಾಳಿ ಮಂಡಿ ಬಿಟ್ಟರೂ ನನ್ನನ್ನು ಬಿಡಲಿಲ್ಲ. "ನಿಮಗೆ ದೇವರ ಪ್ರಸಾದ ಕೊಟ್ರೂ ಮೂಸಿ ನೋಡಿ ಬಾಯಿಗೆ ಹಾಕ್ಕೊತೀರಿ" ಎಂದು ಹೆಂಡತಿ ಶಂಕ್ರಮ್ಮ ಇವತ್ತಿಗೂ ಅನ್ನುತ್ತಾಳೆ.

ದುರ್ಗಾಂಬಿಕಾ ಜಗಳೂರು ಕಡೆಯವಳು. ಆಗ ಮೂವತ್ತೆರಡು ವರ್ಷ. ದಾವಣಗೆರೆಯಲ್ಲಿ ಡಿಪ್ಲೊಮಾ ಓದಿದ್ದಳು. ಮದುವೆ ಆಗಿರಲಿಲ್ಲ. ಶಂಕ್ರಮ್ಮ ಕೇಳಿದ್ದಕ್ಕೆ "ಪಾಸಾದೋರು ಇನ್ನೂ ಸಿಕ್ಕಿಲ್ಲ ಅಮ್ಮಾ" ಎಂದು ನಕ್ಕಳಂತೆ. ತಾಯಿ ಗಾದ್ರಮ್ಮ ಊರ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದವಳು. ಮಕ್ಕಳಿಗೆ ಬಡಿಸುವ ಮೊದಲು ಮಾಡಿದವರೇ ತಿಂದು ನೋಡಬೇಕು ಎಂಬುದು ಅಲ್ಲಿಯ ಕಟ್ಟಳೆ. ಎಲ್ಲರೂ ಚಮಚದ ತುದಿಯಲ್ಲಿ ನೆಕ್ಕಿ ಸಹಿ ಹಾಕಿದರೆ ಗಾದ್ರಮ್ಮ ಪಾತ್ರೆಯ ತಳದಿಂದ ಒಂದು ತಟ್ಟೆ ಹಾಕಿಕೊಂಡು, ಪೂರ್ತಿ ಉಂಡು, ಅರ್ಧ ಗಂಟೆ ಗೋಡೆಗೊರಗಿ ಕೂರುತ್ತಿದ್ದಳಂತೆ. ತನ್ನ ಹೊಟ್ಟೆ ಏನೂ ಅನ್ನದಿದ್ದರೆ ಮಾತ್ರ ಗಂಟೆ ಹೊಡೆಸುತ್ತಿದ್ದಳು. "ನಾನು ಮಾಡೋದೂ ಅದೇ ಕೆಲ್ಸ ಯಜಮಾನ್ರೇ. ಮೊದ್ಲು ನಾನು ಉಣ್ತೀನಿ" ಎಂದಿದ್ದಳು ದುರ್ಗಾಂಬಿಕಾ.

ಅವಳ ಧಣಿ ರೇಣುಕಪ್ರಸಾದ್ ನಮ್ಮೂರಿನವನೇ. ಬಸ್ ಸ್ಟ್ಯಾಂಡಿನ ಹಿಂದೆ ವರ್ಕ್‌ಶಾಪು. ಆರೋಗ್ಯ ಕೇಂದ್ರಗಳಲ್ಲಿ ಲಸಿಕೆ ಇಡುವ ಫ್ರಿಜ್ ಇರುತ್ತದಲ್ಲ, ಅದಕ್ಕೆ ಕಟ್ಟುವ ಕಾವಲು ಪೆಟ್ಟಿಗೆ ಮಾಡುತ್ತಾನೆ. ಫ್ರಿಜ್ಜಿನ ಬಿಸಿ ಎಂಟು ಡಿಗ್ರಿ ದಾಟಿದರೆ ಪೆಟ್ಟಿಗೆ ಕೂಗಬೇಕು. ಪ್ರತಿ ಪೆಟ್ಟಿಗೆಯೊಳಗೂ ಒಂದು ಪುಟ್ಟ ಕಂಪ್ಯೂಟರು. ಆದರೆ ಆಯಾ ವರ್ಷ ಯಾವುದು ಸಿಕ್ಕಿತೋ ಅದನ್ನು ಕೊಂಡು ಹಾಕಿದ್ದರಿಂದ ಐದು ತರದ ಪೆಟ್ಟಿಗೆಗಳಾಗಿದ್ದವು, ಒಂದೊಂದರಲ್ಲಿ ಒಂದೊಂದು ಶೆಲ್.

"ಶೆಲ್ ಅಂದ್ರೇನವ್ವಾ?" ಎಂದು ಒಂದು ದಿನ ಕೇಳಿದೆ. ಮಹಡಿಯ ಕೋಣೆಯಲ್ಲಿ ಉದ್ದನೆಯ ಮೇಜಿನ ಮೇಲೆ ಐದು ಪೆಟ್ಟಿಗೆ ಸಾಲಾಗಿ ಇದ್ದವು. ಎಲ್ಲಕ್ಕೂ ಅವಳ ಲ್ಯಾಪ್‌ಟಾಪಿನಿಂದ ವೈರು. ಮೂರನೆಯದು ಎಲ್ಲಕ್ಕಿಂತ ಹಳೆಯದು, ಕೆಲಸ ಕೊಟ್ಟರೆ ಕಾದ ಹಂಚಿನಂತೆ ಬಿಸಿಯಾಗುತ್ತಿತ್ತು. ನಮ್ಮ ಬೆಕ್ಕು ಆಗಲೇ ಅದನ್ನು ಪತ್ತೆಹಚ್ಚಿ ಮೇಲೆ ಮುದುರಿಕೊಂಡು ಮಲಗಿತ್ತು.

"ನಾವು ಬರೆದು ಕೊಟ್ಟ ಕೆಲ್ಸಾನ ಓದಿ ಮಾಡ್ಸೋದು ಶೆಲ್ಲು. ಮಂಡೀಲಿ ನೀವು ಹಮಾಲರಿಗೆ 'ಹೋದ ಸರ್ತಿ ಇಟ್ಟಂಗೆ ಇಡ್ರಪ್ಪಾ' ಅಂತಿದ್ರಲ್ಲ, ಹಂಗೆ. ಹಳಬ ಆದ್ರೆ ತಿಳ್ಕೊಂಡು ಇಡ್ತಾನೆ. ಹೊಸಬ ಎಲ್ಲಿ ಅಂತ ಕೇಳ್ತಾನೆ. ಇನ್ನೊಬ್ಬ ಇರ್ತಾನೆ, ತಿಳೀಲಿಲ್ಲ ಅಂತ್ಲೂ ಹೇಳಲ್ಲ, ಕೇಳೋದೂ ಇಲ್ಲ. ತೋಚಿದ ಕಡೆ ಇಟ್ಟು ಬೀಡಿ ಹಚ್ತಾನೆ. ಆ ಮೂರನೆಯೋನನ್ನ ಹುಡ್ಕೋದೇ ನನ್ನ ಕೆಲ್ಸ."

ಸ್ಕ್ರಿಪ್ಟ್ ಎನ್ನುವ ಆ ಕೆಲಸದ ಪಟ್ಟಿಯನ್ನು ಬರೆಯುವವನು ನ್ಯಾಮತಿಯ ಗುರುಬಸವರಾಜ್. ವರ್ಕ್‌ಶಾಪಿನಲ್ಲಿ ಕೂತು ಬರೆದು ಕಳಿಸುತ್ತಾನೆ. ಇವಳು ಅದನ್ನು ಐದೂ ಶೆಲ್ಲಿಗೆ ಕೊಟ್ಟು, ಐದೂ ಒಂದೇ ಉತ್ತರ ಕೊಟ್ಟರೆ ಮಾತ್ರ ಪಾಸು ಮಾಡುತ್ತಾಳೆ. ವರ್ಕ್‌ಶಾಪಿನಲ್ಲೇ ಜಾಗ ಕೊಡುತ್ತೇನೆ ಎಂದು ರೇಣುಕಪ್ರಸಾದ್ ಹೇಳಿದರೂ ಒಪ್ಪದೆ ನಮ್ಮ ಮಹಡಿ ಹಿಡಿದದ್ದಕ್ಕೆ ಅವಳ ಕಾರಣ ಇದು: ಅಡುಗೆ ಮಾಡಿದವರ ಮನೆಯಲ್ಲಿ ಕೂತು ರುಚಿ ಹೇಳಬಾರದು. ಕೋಣೆಯ ಕೀಲಿ ಯಾರಿಗೂ ಕೊಡುತ್ತಿರಲಿಲ್ಲ. ದಿನದ ಒಂದೊಂದು ಕೆಲಸವನ್ನೂ ಗಂಟೆ ನಿಮಿಷದ ಸಮೇತ ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆದು, ಮುಗಿದದ್ದರ ಮುಂದೆ ಕೆಂಪು ಗೀಟು ಹಾಕುತ್ತಿದ್ದಳು. ಮೂರು ವರ್ಷದಲ್ಲಿ ಅವಳು ಪಾಸು ಮಾಡಿದ್ದು ಒಂದೂ ಕೈಕೊಟ್ಟಿರಲಿಲ್ಲ.

ಇಷ್ಟೆಲ್ಲ ತಿಳಿದೂ ನನಗೆ ಅವಳ ಮೇಲೆ ಅನುಮಾನ ಹುಟ್ಟಿತು. ಹುಟ್ಟಿಸಿದವನು ಮಂಡಿಯ ಗೆಳೆಯ ಗಿಡ್ಡಪ್ಪ. "ಒಬ್ಳೇ ಹೆಂಗಸು, ಐದು ಮಿಷನ್ನು, ದಿನಾ ಬಾಗ್ಲು ಹಾಕ್ಕೊಂಡು ಅದೇನು ಬರೀತಾಳೆ? ಪೇಪರ್ ಓದಲ್ವೇನೋ? ಫೋನ್ ಮಾಡಿ ಜನರ ದುಡ್ಡು ಎತ್ತೋರು ಹಿಂಗೇ ಮಹಡಿ ಮೇಲಿರ್ತಾರೆ. ನಾಳೆ ಪೊಲೀಸ್ರು ಬಂದ್ರೆ ಮೊದ್ಲು ಹಿಡಿಯೋದು ನಿನ್ನ" ಎಂದ. ಎರಡು ದಿನ ನನಗೆ ಊಟ ಸೇರಲಿಲ್ಲ. ಅವಳು ಹೇಳಿದ್ದೆಲ್ಲ ಚೀಲದ ಬಾಯಿ, ಹೊಟ್ಟೆಯಲ್ಲಿ ಏನಿದೆಯೋ ಎನ್ನಿಸತೊಡಗಿತು.

ಮೃಗಶಿರಾ ಮಳೆ ಹುಟ್ಟಿದ ಮಾರನೇ ದಿನ, ಸೋಮವಾರ, ಹನ್ನೊಂದರ ಹೊತ್ತಿಗೆ ನಾನು ಮೀಟರ್ ಬೋರ್ಡಿನ ಹತ್ತಿರ ಹೋಗಿ ಮಹಡಿಯ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡೆ. ದಂಧೆ ಏನಾದರೂ ಇದ್ದರೆ ಅದು ನಿಂತ ಕೂಡಲೇ ಯಾರಾದರೂ ಓಡಿ ಬರುತ್ತಾರೆ, ಮುಖ ನೋಡಿಕೊಳ್ಳೋಣ ಎಂದು ಲೆಕ್ಕ ಹಾಕಿ ಕಟ್ಟೆಯ ಮೇಲೆ ಕೂತೆ. ಯಾರೂ ಬರಲಿಲ್ಲ. ಅವಳೇ ಇಳಿದು ಬಂದಳು.

"ಕರೆಂಟ್ ಹೋತಲ್ಲ ಯಜಮಾನ್ರೇ?"

"ಲೈನೇ ಹೋಗಿರ್ಬೇಕವ್ವಾ" ಎಂದೆ. ಒಳಗೆ ನಮ್ಮ ರೇಡಿಯೋ ದೊಡ್ಡದಾಗಿ ಹಾಡುತ್ತಿತ್ತು. ಅವಳು ಬಾಗಿಲ ಕಡೆ ನೋಡಿದಳು, ನನ್ನ ಜೇಬಿನ ಕಡೆ ನೋಡಿದಳು, ಮೇಲೆ ಹೋದಳು. ಅರ್ಧ ಗಂಟೆ ಬಿಟ್ಟು ಫ್ಯೂಸ್ ಹಾಕಿದೆ. ನಾಚಿಕೆ ಆಯಿತು. ಆದರೆ ನಾಚಿಕೆ ಎಷ್ಟು ಹೊತ್ತಿನದು, ಸಂಜೆ ಬೋಂಡಾ ತಿನ್ನುವಾಗ ಮರೆತೇಬಿಟ್ಟೆ.

ಏಳು ವಾರ ಕಳೆಯಿತು. ಪುಷ್ಯ ಮಳೆ ಬಿಟ್ಟೂ ಬಿಡದೆ ಹಿಡಿದಿದ್ದ ಒಂದು ಬೆಳಿಗ್ಗೆ ರೇಣುಕಪ್ರಸಾದನ ಕಾರು ನಮ್ಮ ಮನೆ ಮುಂದೆ ನಿಂತಿತು. ಜೊತೆಗೆ ಗುರುಬಸವರಾಜ್. ಅವನ ಕಣ್ಣು ಮೂರು ದಿನ ನಿದ್ದೆ ಕಂಡಿರಲಿಲ್ಲ. ಇಬ್ಬರೂ ಮಹಡಿ ಹತ್ತಿದರು. ಮನೆ ಯಜಮಾನ ಎಂಬ ನೆಪದಲ್ಲಿ ನಾನೂ ಹಿಂದೆಯೇ ಹತ್ತಿದೆ.

ನಡೆದದ್ದು ಇಷ್ಟು. ಗುರುಬಸವರಾಜ್ ಬರೆದ ಹೊಸ ಸ್ಕ್ರಿಪ್ಟನ್ನು ಜುಲೈ ಮೊದಲ ವಾರ ದುರ್ಗಾಂಬಿಕಾ ಪಾಸು ಮಾಡಿದ್ದಳು. ಮೊದಲು ಹತ್ತೇ ಪೆಟ್ಟಿಗೆಗೆ ಹಾಕಿ ನೋಡೋಣ ಎಂದು ಹಾಕಿದ್ದರು. ಹೊನ್ನಾಳಿ ಕಡೆಯ ಒಂದು ಆರೋಗ್ಯ ಕೇಂದ್ರದಲ್ಲಿ ಫ್ರಿಜ್ ಕೆಟ್ಟು ಹದಿನಾಲ್ಕು ಡಿಗ್ರಿಗೆ ಏರಿದೆ, ಪೆಟ್ಟಿಗೆ ಮಾತ್ರ ನಾಲ್ಕು ಡಿಗ್ರಿ ಎನ್ನುತ್ತ ಸುಮ್ಮನೆ ಕೂತಿದೆ. ಮಕ್ಕಳಿಗೆ ಚುಚ್ಚುವ ಮೊದಲು ನರ್ಸಮ್ಮ ಪೆಟ್ಟಿಗೆಯನ್ನು ನಂಬದೆ ಒಳಗೆ ನೇತುಹಾಕಿದ್ದ ಹಳೇ ಗಾಜಿನ ಥರ್ಮಾಮೀಟರ್ ನೋಡಿದ್ದರಿಂದ ಬಚಾವು. ಒಂದು ಮಗುವಿಗೂ ಆ ಲಸಿಕೆ ಹೋಗಲಿಲ್ಲ. ಎಲ್ಲ ಚೆಲ್ಲಬೇಕಾಯಿತು. ಕೂಗದೇ ಇದ್ದ ಆ ಪೆಟ್ಟಿಗೆ ಮೂರನೇ ತರದ್ದು.

"ಫ್ರಿಜ್ಜಿನಿಂದ ಅಳತೆ ಬರೋವರ್ಗೂ ಹತ್ತು ಸೆಕೆಂಡು ಕಾಯಿ ಅಂತ ಬರ್ದೀನಿ ಮೇಡಂ" ಎಂದ ಗುರುಬಸವರಾಜ್. "ಮೂರನೇ ಶೆಲ್ಲಿಗೆ ಆ ಕಾಯೋ ಮಾತೇ ಗೊತ್ತಿಲ್ಲ ಅಂತ ಕಾಣ್ತೈತೆ. ಹೊಸ ಅಳತೆ ತಗೊಳ್ದೆ ಕೈಲಿರೋ ಹಳೇದನ್ನೇ ಹಿಡ್ಕೊಂಡು ಕುಂತೈತೆ."

"ಗೊತ್ತಿಲ್ದಿದ್ರೆ ನನ್ನ ಹತ್ರಾನೇ ಸಿಕ್ಕಿಬೀಳ್ತಿತ್ತು" ಎಂದಳು ದುರ್ಗಾಂಬಿಕಾ. ಅದೇ ಸ್ಕ್ರಿಪ್ಟನ್ನು ನಮ್ಮ ಕಣ್ಣೆದುರೇ ಐದಕ್ಕೂ ಕೊಟ್ಟಳು. ಪರದೆಯ ಮೇಲೆ ಒಂದು, ಎರಡು, ಮೂರು, ನಾಲ್ಕು, ಐದು, ಎಲ್ಲದರ ಮುಂದೆಯೂ ಒಂದೇ ಉತ್ತರ ಬಂತು. "ನೋಡ್ರಿ ಸಾರ್. ನಾನು ಪಾಸು ಮಾಡಿದ್ದು ಸರಿ ಐತೆ. ಇವ್ರು ಪೆಟ್ಟಿಗೆಗೆ ಹಾಕಿದ್ದು ಬೇರೆ."

"ಇದನ್ನೇ ಹಾಕೀನಿ ಮೇಡಂ."

"ಹಂಗಾದ್ರೆ ಆ ಪೆಟ್ಟಿಗೆ ತಂದು ತೋರ್ಸ್ರಿ."

ಗುರುಬಸವರಾಜ್ ತಲೆ ತಗ್ಗಿಸಿದ. ಸುದ್ದಿ ಬಂದ ದಿನವೇ ಓಡಿಹೋಗಿ ಹತ್ತೂ ಪೆಟ್ಟಿಗೆಯಲ್ಲಿ ಹೊಸದನ್ನು ಅಳಿಸಿ ಹಳೆಯ ಸ್ಕ್ರಿಪ್ಟ್ ಹಾಕಿ ಬಂದಿದ್ದ. "ಮಕ್ಕಳ ಔಷಧಿ ಮೇಡಂ. ಹಂಗೇ ಬಿಟ್ಟು ಬರಾಕೆ ಆಗ್ತಿತ್ತಾ?"

"ಅಳಿಸಾಕೆ ಭಾಳ ಅವಸರ ಮಾಡಿದ್ರಿ" ಎಂದಳು ಅವಳು.

ಆ ಮಾತು ಕೇಳಿ ನನಗೂ ಹೌದೆನ್ನಿಸಿತು. ಕಳ್ಳ ಇವನೇ, ಹೊಟ್ಟೆಯಲ್ಲಿ ಗೊರಬಲು ಇರುವುದು ಇಲ್ಲೇ ಎಂದುಕೊಂಡೆ. ರೇಣುಕಪ್ರಸಾದ್ ಕೈಗಡಿಯಾರ ನೋಡಿಕೊಂಡ. "ದುರ್ಗಾಂಬಿಕಾ, ನಿಮ್ಮ ಮಾತು ಒಂದು ದಿನಾನೂ ಸುಳ್ಳಾಗಿಲ್ಲ. ಇಷ್ಟನ್ನೇ ಬರ್ದು ಸಹಿ ಮಾಡಿ ಕೊಡ್ರಿ. ಸಂಜೆ ನಾಲ್ಕಕ್ಕೆ ನಾನು ಆರೋಗ್ಯ ಇಲಾಖೆ ಮೇಲಿನೋರಿಗೆ ಉತ್ತರ ಕೊಡ್ಬೇಕು. ಇವ್ನನ್ನ ಇವತ್ತೇ ಬಿಡಿಸ್ತೀನಿ." ಗುರುಬಸವರಾಜ್ ಕುರ್ಚಿಯ ಮೇಲೆ ಕೂತ. "ಸುಳ್ಳು ಸ್ಕ್ರಿಪ್ಟ್ ಹಾಕಿದೋನು ಅಂದ್ರೆ ನನಗೆ ಇನ್ನೆಲ್ಲಿ ಸಾರ್ ಕೆಲ್ಸ ಕೊಡ್ತಾರೆ?" ಎಂದ. ಅವಳು ಆಗಲೇ ಬರೆಯಲು ಶುರು ಮಾಡಿದ್ದಳು.

ಅಷ್ಟರಲ್ಲಿ ಶಂಕ್ರಮ್ಮ ಮಂಡಕ್ಕಿ, ಕಾಫಿ ಹೊತ್ತು ಮೇಲೆ ಬಂದಳು. ಜಗಳ ನಡೆಯುವ ಕಡೆ ತಿಂಡಿ ಒಯ್ಯುವುದು ಅವಳ ಹಳೆಯ ಅಭ್ಯಾಸ. ತಟ್ಟೆ ಇಡುತ್ತ, "ಅಲ್ಲ ಕಣವ್ವಾ, ನಿನ್ನ ಪೆಟ್ಟಿಗೆ ಮೇಲೆ ಬೆಕ್ಕು ಯಾಕೆ ಮಲಗಲ್ಲ ಈಗ? ಇಂಥಾ ಥಂಡಿಯಾಗೆ ಒಲೆ ಮುಂದೆ ಕುಂತು ನನ್ನ ಕಾಲಿಗೇ ಸಿಗ್ತೈತೆ" ಎಂದಳು.

ದುರ್ಗಾಂಬಿಕಾಳ ಪೆನ್ನು ನಿಂತಿತು. "ಯಾವಾಗಿಂದ ಅಮ್ಮಾ?"

"ತಿಂಗಳ ಮೇಲೇ ಆತು."

ಅವಳು ಎದ್ದು ಹೋಗಿ ಮೂರನೇ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟಳು. ಹಸಿರು ದೀಪ ಮಿಣಮಿಣ ಅನ್ನುತ್ತಿತ್ತು. ಈಗ ತಾನೇ ಕೆಲಸ ಮಾಡಿ ಉತ್ತರ ಕೊಟ್ಟ ಪೆಟ್ಟಿಗೆ ತಣ್ಣಗಿತ್ತು. ಆಮೇಲೆ ಅದರ ಕರೆಂಟಿನ ವೈರು ಕಿತ್ತಳು. ದೀಪ ಆರಿತು. ವಾಪಸು ಬಂದು ಅದೇ ಸ್ಕ್ರಿಪ್ಟನ್ನು ಮತ್ತೆ ಐದಕ್ಕೂ ಕೊಟ್ಟಳು.

ಒಂದು, ಎರಡು, ಮೂರು, ನಾಲ್ಕು, ಐದು. ಐದೂ ಉತ್ತರ ಕೊಟ್ಟವು. ಸತ್ತ ಮೂರನೆಯದೂ ಕೊಟ್ಟಿತು!

ಅವಳು ಸರಸರ ಬೆರಳು ಓಡಿಸಿ ಏನನ್ನೋ ತೆರೆದು ಓದಿದಳು. "ಐದೂ ಪೆಟ್ಟಿಗೆ ಹೆಸರು ನನ್ನ ಲ್ಯಾಪ್‌ಟಾಪಿಗೇ ಕಟ್ಟೈತೆ" ಎಂದಳು ಮೆಲ್ಲಗೆ. "ನಾನು ಮೂರನೆಯೋನನ್ನ ಕರೆದ್ರೆ ಓ ಅನ್ನೋದು ಲ್ಯಾಪ್‌ಟಾಪಿನ ಶೆಲ್ಲು. ಇಷ್ಟು ದಿನ ಒಬ್ನೇ ಐದು ಹೆಸ್ರಲ್ಲಿ ಉತ್ತರ ಕೊಟ್ಟಾನೆ."

ನನಗೆ ತಕ್ಷಣ ಅರ್ಥವಾಯಿತು. ಐದು ಚೀಲಕ್ಕೆ ಐದು ಚೀಟಿ ಅಂಟಿಸಿ ಒಂದೇ ರಾಶಿಯಿಂದ ತುಂಬಿದ ಹಾಗೆ. ಐದೂ ಒಂದೇ ಇರದೆ ಇನ್ನೇನಾದೀತು?

"ಕಟ್ಟಿದ್ದು ಯಾವತ್ತು?" ಎಂದ ರೇಣುಕಪ್ರಸಾದ್.

"ಜೂನ್ ಒಂಬತ್ತು. ಹನ್ನೊಂದೂ ಮೂವತ್ತೈದು." ಅವಳು ಗುರುಬಸವರಾಜ್ ಕಡೆ ತಿರುಗಿದಳು. ಆ ನೋಟ ನನಗೆ ಚೆನ್ನಾಗಿ ಗೊತ್ತು, ನಾನೂ ಎಷ್ಟೋ ಜನರನ್ನು ಹಾಗೆ ನೋಡಿದ್ದೇನೆ. "ಜೂನ್ ತಿಂಗಳಾಗೆ ವೈರು ಕೊಡಾಕೆ ಅಂತ ನೀವು ಈ ರೂಮಿಗೆ ಬಂದಿದ್ರಿ. ನಾನು ನೀರು ತರಾಕೆ ಕೆಳಗೆ ಹೋಗಿದ್ದೆ. ಎರಡು ನಿಮಿಷ ನೀವೊಬ್ರೇ ಇದ್ರಿ."

"ಮೇಡಂ, ಶಿವನಾಣೆಗೂ..." ಎಂದ ಅವನು.

ಜೂನ್ ಒಂಬತ್ತು ಎಂದಾಗ ನನಗೆ ಏನೂ ಹೊಳೆದಿರಲಿಲ್ಲ. ನಾವು ದಿನ ಎಣಿಸುವುದು ಮಳೆಯ ಹೆಸರಿನಲ್ಲಿ. ಎಂಟಕ್ಕೆ ಮೃಗಶಿರಾ ಹುಟ್ಟಿತು, ಒಂಬತ್ತು ಅದರ ಮಾರನೇ ದಿನ, ಸೋಮವಾರ, ಹನ್ನೊಂದರ ಹೊತ್ತು. ನಾನು ಫ್ಯೂಸ್ ಕಿತ್ತಿದ್ದು ಅವತ್ತೇ. ನಾನು ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಸುಮ್ಮನಿರೋಣ ಎಂದೇ ಒಂದು ಗಳಿಗೆ ಅಂದುಕೊಂಡೆ, ಸುಳ್ಳು ಯಾಕೆ ಹೇಳಲಿ. ಆದರೆ ಆ ಹುಡುಗ ಶಂಕ್ರಮ್ಮ ಕೊಟ್ಟ ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದ, ಒಂದು ಗುಟುಕೂ ಕುಡಿದಿರಲಿಲ್ಲ.

"ಅವತ್ತು ಹನ್ನೊಂದಕ್ಕೆ ನಿನ್ನ ಫ್ಯೂಸ್ ಕಿತ್ತೋನು ನಾನು ಕಣವ್ವಾ" ಎಂದೆ. "ಲೈನ್ ಹೋಗೈತೆ ಅಂದಿದ್ದು ಸುಳ್ಳು. ನಿನ್ನ ಮೇಲೆ ಅನುಮಾನ ಇತ್ತು."

ಶಂಕ್ರಮ್ಮ ನನ್ನನ್ನು ನೋಡಿದ ರೀತಿಯನ್ನು ಬರೆಯುವುದು ಬೇಡ. ದುರ್ಗಾಂಬಿಕಾ ಆಶ್ಚರ್ಯಪಡಲಿಲ್ಲ. "ಗೊತ್ತು" ಎಂದಳು. ಅಷ್ಟು ಹೇಳಿದವಳು ಏನೋ ನೆನಪಾದಂತೆ ಎದ್ದು ಕಪಾಟಿನಿಂದ ನೋಟ್‌ಬುಕ್ ತೆಗೆದಳು. ಮೂರು ದಿನದಿಂದ ಗುರುಬಸವರಾಜ್ ಕಳಿಸಿದ ಪಟ್ಟಿ, ವರ್ಕ್‌ಶಾಪಿನ ದಾಖಲೆ ಎಲ್ಲ ತಿರುವಿಹಾಕಿದ್ದವಳು ತನ್ನ ಪುಸ್ತಕವನ್ನು ಮಾತ್ರ ಮುಟ್ಟಿರಲಿಲ್ಲ. ಆ ದಿನದ ಹಾಳೆ ತೆರೆದು ಗಟ್ಟಿಯಾಗಿ ಓದಿದಳು.

"ಹನ್ನೊಂದೂ ಹತ್ತು. ಕರೆಂಟ್ ಹೋಯಿತು. ಮೇಲೆ ಮಾತ್ರ. ಕೆಳಗೆ ರೇಡಿಯೋ ಹಾಡುತ್ತಿದೆ. ಯಜಮಾನರೇ ಫ್ಯೂಸ್ ತೆಗೆದಿರಬೇಕು. ಯಾಕೆ? ವಿಚಾರಿಸಬೇಕು." ಮುಂದೆ ಕೆಂಪು ಗೀಟು ಇರಲಿಲ್ಲ.

ಅದರ ಕೆಳಗೆ ಇನ್ನೊಂದು ಸಾಲಿತ್ತು. ಅದನ್ನೂ ಓದಿದಳು. "ಹನ್ನೊಂದೂ ಮೂವತ್ತೈದು. ಪೆಟ್ಟಿಗೆಗಳು ಸತ್ತಿವೆ, ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ. ಕೆಲಸ ನಿಲ್ಲದಿರಲಿ ಎಂದು ಸದ್ಯಕ್ಕೆ ಐದು ಹೆಸರೂ ಅದಕ್ಕೇ ಕಟ್ಟಿದ್ದೇನೆ. ಸಂಜೆ ಬಿಡಿಸಬೇಕು."

ಅದರ ಮುಂದೆಯೂ ಗೀಟು ಇರಲಿಲ್ಲ.

ಅವಳು ಪುಸ್ತಕ ಮುಚ್ಚಿ ತೊಡೆಯ ಮೇಲೆ ಇಟ್ಟುಕೊಂಡಳು. "ಆ ಸಂಜೆ ಪೂರ್ತಿ, ಯಜಮಾನ್ರು ಯಾಕೆ ಫ್ಯೂಸ್ ತೆಗೆದ್ರು ಅಂತಾನೇ ಯೋಚ್ನೆ ಮಾಡ್ತಾ ಕುಂತಿದ್ದೆ" ಎಂದಳು. "ಮಾರನೇ ದಿನ ಕರೆಂಟ್ ಇತ್ತು, ದೀಪ ಉರೀತಿದ್ವು, ಐದೂ ಒಂದೇ ಉತ್ತರ ಕೊಟ್ವು. ಖುಷಿ ಆತು. ಐವತ್ತು ದಿನ ಒಂದು ಸರ್ತಿನೂ ತಪ್ಪಿಲ್ಲ ಅಂದ್ರೆ ಅನುಮಾನ ಬರ್ಬೇಕಿತ್ತು. ಬರ್ಲಿಲ್ಲ. ನಮ್ಮವ್ವ ತಳದಿಂದ ಹಾಕ್ಕೊಂಡು ಉಣ್ತಿದ್ಲು, ನಾನು ತಟ್ಟೇನೇ ಮುಟ್ದೆ ಗಂಟೆ ಹೊಡೆಸೀನಿ." ಕಣ್ಣು ತುಂಬಿತ್ತು, ಒರೆಸಿಕೊಳ್ಳಲಿಲ್ಲ. ಆಮೇಲೆ ಗುರುಬಸವರಾಜ್ ಎದುರು ನಿಂತು, "ತಪ್ಪು ನಂದು. ನಿಮ್ಮ ಸ್ಕ್ರಿಪ್ಟಿನ ತಪ್ಪು ಹಿಡಿಯಾಕೇ ನಾನಿರೋದು, ಹಿಡೀಲಿಲ್ಲ. ಮೇಲೆ ನಿಮ್ಮನ್ನ ಕಳ್ಳ ಅಂದೆ" ಎಂದಳು.

ಅವನು ಲೋಟ ಕೆಳಗಿಟ್ಟ. ಸಿಟ್ಟಿನಿಂದ ಕೇಳಲಿಲ್ಲ, ನಿಜವಾಗಿ ತಿಳಿದುಕೊಳ್ಳಬೇಕು ಎಂಬಂತೆ ಕೇಳಿದ.

"ಬೆಕ್ಕು ಇಲ್ದಿದ್ರೆ ನನ್ನ ಮಾತು ನಂಬ್ತಿದ್ರಾ ಮೇಡಂ?"

"ಇಲ್ಲ" ಎಂದಳು.

ಬರೆಯುತ್ತಿದ್ದ ಕಾಗದವನ್ನು ಹರಿದು, ಇನ್ನೊಂದರಲ್ಲಿ ತನ್ನ ಹೆಸರು ಹಾಕಿ ಎಲ್ಲವನ್ನೂ ಬರೆದಳು. ನನ್ನ ಫ್ಯೂಸಿನ ವಿಷಯ ಅದರಲ್ಲಿ ಸೇರಿಸಿರಲಿಲ್ಲ. ನಾನೇ ಹಟ ಹಿಡಿದು ಸೇರಿಸಿ ಕೆಳಗೆ ಸಹಿ ಹಾಕಿದೆ. ನಾಲ್ಕು ಗಂಟೆಗೆ ಕಾಗದ ಹೋಯಿತು. ರೇಣುಕಪ್ರಸಾದ್ ಇಬ್ಬರನ್ನೂ ಉಳಿಸಿಕೊಂಡ, ಮೂರು ತಿಂಗಳು ಹೊಸದೇನನ್ನೂ ಪೆಟ್ಟಿಗೆಗೆ ಹಾಕಕೂಡದು ಎಂದ. ಹೆಸರು ಬಿಡಿಸಿ ಸರಿಯಾಗಿ ಕಟ್ಟಿದ ಮೇಲೆ ಮೂರನೇ ಪೆಟ್ಟಿಗೆ ಮೊದಲ ಸಲಕ್ಕೇ ಆ ಕಾಯುವ ಮಾತು ತಿಳಿಯದೆ ಎಡವಿತು.

ಈಗ ಪ್ರತಿ ಸೋಮವಾರ ಹನ್ನೊಂದಕ್ಕೆ ಗುರುಬಸವರಾಜ್ ನಮ್ಮ ಮನೆಗೆ ಬರುತ್ತಾನೆ. ಇದು ಅವಳೇ ಮಾಡಿದ ಕಟ್ಟಳೆ. ಅವಳು ಕೆಲಸ ಕೊಡುತ್ತಾಳೆ, ಅವನು ಒಂದೊಂದೇ ಪೆಟ್ಟಿಗೆಯ ವೈರು ಕಿತ್ತು ಅದು ಉತ್ತರ ಕೊಡದೆ ಸುಮ್ಮನಾಗುವುದನ್ನು ನೋಡಿ, ಅವಳ ನೋಟ್‌ಬುಕ್ಕಿನಲ್ಲಿ ತಾನೇ ಕೆಂಪು ಗೀಟು ಹಾಕುತ್ತಾನೆ. ಇಬ್ಬರ ನಡುವೆ ಹೆಚ್ಚು ಮಾತಿಲ್ಲ. ಬೆಕ್ಕು ಮೂರನೆಯದರ ಮೇಲೆ ಮತ್ತೆ ಮಲಗತೊಡಗಿದೆ, ಅವನು ಬಂದಾಗ ಎತ್ತಿ ಪಕ್ಕಕ್ಕಿಡಬೇಕು. ಮೀಟರ್ ಬೋರ್ಡಿಗೆ ಬೀಗ ಬಿದ್ದಿದೆ. ಕೀಲಿ ಶಂಕ್ರಮ್ಮನ ಹತ್ತಿರ ಇರುತ್ತದೆ, ನನ್ನ ಕೈಗೆ ಕೊಡುವುದಿಲ್ಲ.